ಅಂಕಪಟ್ಟಿಯಲ್ಲಿ ಕಾಣದ ಕಲಿಕೆ: ನಮ್ಮ ಮಕ್ಕಳ ಕಲಾಸಾಧನೆಯೂ ಈ ವರ್ಷದ ವಿದ್ಯಾರ್ಥಿವೇತನವೂ



ಪ್ರತಿ ವರ್ಷ ಈ ವರದಿಯಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶದ ಪಟ್ಟಿ ಕೊಡುವುದು ವಾಡಿಕೆ. ಈ ಸಲವೂ ಕೊಟ್ಟಿದ್ದೇವೆ. ಅದರ ಪಕ್ಕದಲ್ಲಿ ಮೊದಲ ಬಾರಿಗೆ ಇನ್ನೊಂದು ಪಟ್ಟಿಯನ್ನು ಸೇರಿಸಿದ್ದೇವೆ. ಪ್ರತಿಭಾ ಕಾರಂಜಿ, ಕಲೋತ್ಸವ, ಡ್ರಾಯಿಂಗ್ ಗ್ರೇಡ್ ಪರೀಕ್ಷೆ, ಶಾಲಾ ನಾಟಕ ಮುಂತಾದವುಗಳಲ್ಲಿ ನಮ್ಮ ವಿದ್ಯಾರ್ಥಿವೇತನದ ಮಕ್ಕಳು ಪಾಲ್ಗೊಂಡ ವಿವರ ಅದರಲ್ಲಿದೆ. ಮಕ್ಕಳ ಹೆಸರಿನ ಬದಲು ತರಗತಿ ಮತ್ತು ವಿಭಾಗವನ್ನಷ್ಟೇ ನಮೂದಿಸಿದ್ದೇವೆ. ಸಹಾಯ ಪಡೆದವರ ಹೆಸರನ್ನು ಊರಿಗೆ ಸಾರುವುದು ನಮ್ಮ ಟ್ರಸ್ಟಿನ ರೂಢಿಯಲ್ಲ.

ಈ ಪಟ್ಟಿ ತಯಾರಾಗುತ್ತಿರುವಾಗಲೇ ಎರಡು ಪ್ರಶ್ನೆಗಳು ಬಂದವು. ಒಬ್ಬ ದಾನಿಗಳು, "ಬಡ ಮಗುವಿನ ಫೀಸಿಗೆಂದು ಕೊಟ್ಟ ದುಡ್ಡು ಬಣ್ಣದ ಡಬ್ಬಿಗೆ ಹೋಗಬೇಕೇ?" ಎಂದು ಕೇಳಿದರು. ಆಟೋ ಓಡಿಸುವ ತಂದೆಯೊಬ್ಬರು, "ಚಿತ್ರಾ ಬರದ್ರ ಮುಂದ ಹೊಟ್ಟಿ ತುಂಬತೈತೇನ್ರಿ ಸರ?" ಎಂದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಇಬ್ಬರಿಗೂ ಇಲ್ಲಿ ವಿವರವಾಗಿ ಉತ್ತರಿಸುತ್ತೇವೆ.

ಸ್ಪರ್ಧೆಗಳು ನಡೆಯುವ ಬಗೆ

ಮನೆಯಲ್ಲಿ ಮೊದಲ ತಲೆಮಾರಿನವರಾಗಿ ಶಾಲೆಗೆ ಹೋಗುತ್ತಿರುವ ಮಕ್ಕಳ ತಂದೆತಾಯಿಗೆ ಈ ಕಾರ್ಯಕ್ರಮಗಳ ಪರಿಚಯ ಕಡಿಮೆ. ಆದ್ದರಿಂದ ಅಲ್ಲಿಂದಲೇ ಶುರು ಮಾಡುತ್ತೇವೆ.

ಪ್ರತಿಭಾ ಕಾರಂಜಿ ನಮ್ಮ ರಾಜ್ಯದ ಶಿಕ್ಷಣ ಇಲಾಖೆ ನಡೆಸುವ ಕಾರ್ಯಕ್ರಮ. ಮೊದಲು ಶಾಲೆಯಲ್ಲಿ ಆಯ್ಕೆ ನಡೆಯುತ್ತದೆ. ಅಲ್ಲಿಂದ ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ಹೀಗೆ ಮಗು ಹಂತ ಹಂತವಾಗಿ ಮೇಲೇರಬೇಕು. ಸಾಮಾನ್ಯವಾಗಿ ಒಂದು ಹಂತದಲ್ಲಿ ಮೊದಲ ಸ್ಥಾನ ಪಡೆದವರು ಮುಂದಿನ ಹಂತಕ್ಕೆ ಹೋಗುತ್ತಾರೆ. ಕಂಠಪಾಠ, ಕಥೆ ಹೇಳುವುದು, ಅಭಿನಯ ಗೀತೆ, ಚಿತ್ರಕಲೆ, ಮಣ್ಣಿನ ಮಾದರಿ ತಯಾರಿಕೆ, ಛದ್ಮವೇಷ, ಆಶುಭಾಷಣ, ಪ್ರಬಂಧ, ಮಿಮಿಕ್ರಿ, ಜನಪದ ಗೀತೆ, ಭಾವಗೀತೆ ಹೀಗೆ ವಿಭಾಗಗಳು ಹಲವು. ಗಝಲ್ ಮತ್ತು ಕವ್ವಾಲಿಗೂ ಸ್ಥಾನವಿದೆ. ಸಂಸ್ಕೃತ ಧಾರ್ಮಿಕ ಪಠಣದ ಜೊತೆಗೆ ಅರೇಬಿಕ್ ಧಾರ್ಮಿಕ ಪಠಣವೂ ಇದೆ. ಮದರಸಾದಲ್ಲಿ ತಜ್ವೀದ್ ಸಹಿತ ಕಿರಾಅತ್ ಕಲಿತ ಮಗು ಆ ಕಲಿಕೆಗೆ ಸರ್ಕಾರಿ ಶಾಲೆಯ ವೇದಿಕೆಯಲ್ಲಿ ಪ್ರಮಾಣಪತ್ರ ಪಡೆಯಬಹುದು ಎಂಬುದು ನಮ್ಮ ಎಷ್ಟೋ ಮನೆಗಳಿಗೆ ತಿಳಿದೇ ಇಲ್ಲ.

ಕಲೋತ್ಸವವನ್ನು ಕೇಂದ್ರ ಶಿಕ್ಷಣ ಸಚಿವಾಲಯ 2015ರಲ್ಲಿ ಆರಂಭಿಸಿತು. ಇದು ಒಂಬತ್ತರಿಂದ ಹನ್ನೆರಡನೇ ತರಗತಿಯ ಮಕ್ಕಳಿಗೆ. ಜಿಲ್ಲೆ ಮತ್ತು ರಾಜ್ಯಮಟ್ಟದಲ್ಲಿ ಗೆದ್ದವರು ರಾಷ್ಟ್ರಮಟ್ಟಕ್ಕೆ ಹೋಗುತ್ತಾರೆ. ಗಾಯನ, ವಾದನ, ನೃತ್ಯ, ನಾಟಕ, ಚಿತ್ರ, ಶಿಲ್ಪಗಳ ಜೊತೆಗೆ ಈಚಿನ ವರ್ಷಗಳಲ್ಲಿ ಸ್ಥಳೀಯ ಆಟಿಕೆ ತಯಾರಿಕೆಯೂ ಸೇರಿದೆ. ಚನ್ನಪಟ್ಟಣದ ಮರದ ಗೊಂಬೆ, ಕಿನ್ನಾಳದ ಬಣ್ಣದ ಗೊಂಬೆ ಇರುವ ನಾಡಿನ ಮಕ್ಕಳಿಗೆ ಇದು ಒಳ್ಳೆಯ ಅವಕಾಶ.

ಮೂರನೆಯದು ಡ್ರಾಯಿಂಗ್ ಲೋಯರ್ ಗ್ರೇಡ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆ. ಇಲ್ಲಿ ಒಬ್ಬರು ಇನ್ನೊಬ್ಬರನ್ನು ಸೋಲಿಸಬೇಕಾಗಿಲ್ಲ. ತಯಾರಿ ಮಾಡಿಕೊಂಡು ಬರೆದವರು ತೇರ್ಗಡೆಯಾಗುತ್ತಾರೆ. ವೇದಿಕೆ ಏರಲು ಹಿಂಜರಿಯುವ ಮಗುವಿಗೆ ನಾವು ಮೊದಲು ಸೂಚಿಸುವುದು ಇದನ್ನೇ.

ತಯಾರಿಯಲ್ಲಿ ಆಗುವ ಕಲಿಕೆ

ಬಹುಮಾನ ಸಿಗುವುದು ಒಬ್ಬರಿಗೆ. ಕಲಿಕೆ ಮಾತ್ರ ತಯಾರಿ ಮಾಡಿದವರೆಲ್ಲರಿಗೂ ಸಿಗುತ್ತದೆ. ಮೂರು ಉದಾಹರಣೆ ಕೊಡುತ್ತೇವೆ.

ನಮ್ಮ ಹೆಚ್ಚಿನ ಮನೆಗಳಲ್ಲಿ ಮಾತು ಉರ್ದು ಅಥವಾ ದಖ್ಖನಿ. ಮಗು ಬೀದಿಯಲ್ಲಿ ಕನ್ನಡ ಆಡುತ್ತದೆ, ಆದರೆ ಪುಸ್ತಕದ ಕನ್ನಡ ಬಂದಾಗ ತಡವರಿಸುತ್ತದೆ. ಒತ್ತಕ್ಷರ, ಅಲ್ಪಪ್ರಾಣ, ಮಹಾಪ್ರಾಣ, ವಿಭಕ್ತಿ ಪ್ರತ್ಯಯಗಳಲ್ಲಿ ತೊಡಕು. ಏಳನೇ ತರಗತಿಯ ಒಬ್ಬ ಹುಡುಗಿ ಎರಡು ವರ್ಷ ಹೀಗೆಯೇ ಇದ್ದಳು. ಅವಳ ಟೀಚರು ಅವಳನ್ನು ಕಥೆ ಹೇಳುವ ಸ್ಪರ್ಧೆಗೆ ಸೇರಿಸಿದರು. ಮನೆಯಲ್ಲಿ ನಾನಿ ಹೇಳುತ್ತಿದ್ದ ಕಥೆಯನ್ನೇ ಕನ್ನಡಕ್ಕೆ ತಂದುಕೊಂಡು, ಅಕ್ಕಪಕ್ಕದ ಮಕ್ಕಳನ್ನು ಕೂರಿಸಿಕೊಂಡು, ಒಂದು ತಿಂಗಳು ಹೇಳಿದ್ದೇ ಹೇಳಿದಳು. "ರಾಜನಿಗೆ ಹೇಳಿದ" ಎಂದರೆ ಒಂದು ಅರ್ಥ, "ರಾಜನು ಹೇಳಿದ" ಎಂದರೆ ಇನ್ನೊಂದು ಅರ್ಥ ಎಂಬುದು ಕೇಳುವವರು ನಕ್ಕಾಗ ಅವಳಿಗೆ ತಿಳಿಯಿತು. ವ್ಯಾಕರಣದ ಪಾಠದಲ್ಲಿ ಹತ್ತು ಸಲ ಹೇಳಿದರೂ ತಲೆಗೆ ಹೋಗದ ಸಂಗತಿ ಇದು. ತಾಲ್ಲೂಕು ಮಟ್ಟದಲ್ಲಿ ಅವಳಿಗೆ ಬಹುಮಾನ ಬರಲಿಲ್ಲ. ಈಗ ತರಗತಿಯಲ್ಲಿ ಎದ್ದು ನಿಂತು ಪಾಠ ಓದುವುದಕ್ಕೆ ಅವಳು ಹೆದರುವುದಿಲ್ಲ.

ಎರಡನೆಯದು ಮಣ್ಣಿನ ಕೆಲಸ. ಆರನೇ ತರಗತಿಯ ಹುಡುಗನೊಬ್ಬ ಆನೆ ಮಾಡಲು ಹೊರಟ. ಮೊದಲ ಆನೆಯ ಕಾಲು ಮುರಿಯಿತು, ಎರಡನೆಯದು ಒಣಗುವಾಗ ಬಿರುಕು ಬಿಟ್ಟಿತು. ಮಣ್ಣು ಎಷ್ಟು ಹದವಿರಬೇಕು, ಭಾರ ಎಲ್ಲಿ ಬೀಳಬೇಕು, ನೆರಳಿನಲ್ಲಿ ಏಕೆ ಒಣಗಿಸಬೇಕು ಎಂದು ಅವನು ಕೈಯಿಂದಲೇ ಕಲಿತ. ನಾಲ್ಕನೆಯ ಆನೆ ನಿಂತಿತು. ಕೆಟ್ಟ ಕೆಲಸವನ್ನು ಬಿಸಾಡಿ ಹೋಗದೆ ಮತ್ತೆ ಕುಳಿತು ಸರಿಮಾಡುವ ಈ ಗುಣವೇ ಮುಂದೆ ಗಣಿತದ ಲೆಕ್ಕ ತಪ್ಪಿದಾಗ ಬೇಕಾಗುತ್ತದೆ.

ಮೂರನೆಯದು ಶಾಲಾ ನಾಟಕ. ಎಂಟನೇ ತರಗತಿಯ ಇಬ್ಬರು ಹುಡುಗರಿಗೆ ಸಿಕ್ಕಿದ್ದು ಒಂದೊಂದೇ ಮಾತಿನ ಪಾತ್ರ. ಆದರೂ ಇಬ್ಬರೂ ಇಡೀ ನಾಟಕವನ್ನು ಬಾಯಿಪಾಠ ಮಾಡಿದರು. ತಮ್ಮ ಮಾತು ಯಾವಾಗ ಬರುತ್ತದೆ ಎಂದು ತಿಳಿಯಬೇಕಾದರೆ ಇತರರ ಮಾತನ್ನು ಗಮನವಿಟ್ಟು ಕೇಳಬೇಕಲ್ಲ! ನಾಟಕದಲ್ಲಿ ಇನ್ನೂ ಒಂದು ಪ್ರಯೋಜನವಿದೆ. ಬೇರೆ ಬೇರೆ ಕೇರಿಯ, ಬೇರೆ ಬೇರೆ ಮನೆಯ ಮಕ್ಕಳು ಒಂದೇ ಕೆಲಸಕ್ಕಾಗಿ ವಾರಗಟ್ಟಲೆ ಕೂಡುತ್ತಾರೆ. ಹಾಗೆ ಕೂಡಿದವರು ಒಬ್ಬರ ಮನೆಯ ಹಬ್ಬಕ್ಕೆ ಇನ್ನೊಬ್ಬರು ಹೋಗುತ್ತಾರೆ. ಇಂದಿನ ದಿನಗಳಲ್ಲಿ ಇದರ ಬೆಲೆ ಎಷ್ಟೆಂದು ನಿಮಗೇ ಗೊತ್ತು.

ಈ ದಾರಿ ನಮಗೆ ಹೊಸದಲ್ಲ

ಕಲೆ ಶ್ರೀಮಂತರ ಮಕ್ಕಳ ಹವ್ಯಾಸ, ನಮ್ಮಂಥವರಿಗಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಕರ್ನಾಟಕದ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾದ ಮುಂಭಾಗವನ್ನು ನೋಡಿದವರಿಗೆ ಅಲ್ಲಿ ಉಳಿದಿರುವ ಬಣ್ಣದ ಹೆಂಚುಗಳೂ ಅವುಗಳ ಮೇಲಿನ ಅಕ್ಷರಗಳೂ ನೆನಪಿರುತ್ತವೆ. ಅದು ವಿದ್ಯೆ ಕಲಿಸಲೆಂದೇ ಕಟ್ಟಿದ ಕಟ್ಟಡ. ಓದುವ ಜಾಗವೂ ಸುಂದರವಾಗಿರಬೇಕೆಂದು ಅಂದಿನವರು ಎಣಿಸಿದ್ದರು. ವಿಜಯಪುರದ ಇಬ್ರಾಹಿಂ ರೋಜಾದ ಗೋಡೆಗಳಲ್ಲಿ ಕಲ್ಲಿನಲ್ಲೇ ಅಕ್ಷರ ಅರಳಿಸಿದ್ದಾರೆ. ಅದೇ ಬೀದರಿನ ಬಿದ್ರಿ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿತು. ಸತು ಮತ್ತು ತಾಮ್ರದ ಮಿಶ್ರಲೋಹದ ಪಾತ್ರೆಯ ಮೇಲೆ ಕುಶಲಕರ್ಮಿ ಮೊದಲು ಬರಿಗೈಯಲ್ಲಿ ಚಿತ್ತಾರ ಗೀರುತ್ತಾನೆ. ಆಮೇಲೆ ಅದನ್ನು ಕೊರೆದು ಬೆಳ್ಳಿ ಕೂರಿಸುತ್ತಾನೆ. ಕೊನೆಗೆ ಬೀದರ್ ಕೋಟೆಯ ಮಣ್ಣಿನ ಸಹಾಯದಿಂದ ಲೋಹ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. ಅಂದರೆ ಆ ಕಸುಬಿನ ಮೊದಲ ಮೆಟ್ಟಿಲು ಚಿತ್ರ ಬರೆಯುವುದೇ. ಈ ಕಲೆಗಾಗಿ ಬೀದರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಮಾತಿನ ಕಲೆಯಲ್ಲಿಯೂ ಹಾಗೆಯೇ. ಶಿಗ್ಗಾವಿಯ ಬಳಿಯ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಶರೀಫರು ಕೆಲಕಾಲ ಶಾಲಾ ಮಾಸ್ತರರಾಗಿದ್ದವರು. ಅವರ ತತ್ವಪದಗಳನ್ನು ಹಾಡದ ಊರು ನಮ್ಮ ಕಡೆ ಇಲ್ಲ. ಪ್ರೊ. ಕೆ.ಎಸ್. ನಿಸಾರ್ ಅಹಮದ್ ಭೂವಿಜ್ಞಾನ ಓದಿ ಅದನ್ನೇ ಪಾಠ ಮಾಡಿದವರು. ಅವರ 'ನಿತ್ಯೋತ್ಸವ' 1978ರಲ್ಲಿ ಧ್ವನಿಸುರುಳಿಯಾಗಿ ಮನೆಮನೆ ತಲುಪಿತು. ವಿಜ್ಞಾನ ಓದುವವರಿಗೆ ಕವಿತೆ ಏಕೆ ಎಂದು ಕೇಳುವವರಿಗೆ ಅವರ ಬದುಕೇ ಉತ್ತರ. ಬಾನು ಮುಷ್ತಾಕ್ ಅವರು ಎಂಟನೇ ವಯಸ್ಸಿನಲ್ಲಿ ಶಿವಮೊಗ್ಗದ ಕನ್ನಡ ಮಾಧ್ಯಮ ಶಾಲೆಗೆ ಸೇರಿ ಕನ್ನಡ ಕಲಿತವರು. ಅವರ ಕಥೆಗಳನ್ನು ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಸಂಕಲನಕ್ಕೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಿತು. ಕನ್ನಡಕ್ಕೆ ಆ ಪ್ರಶಸ್ತಿ ತಂದುಕೊಟ್ಟವರಲ್ಲಿ ಮೊದಲಿಗರು ಅವರು. ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಎಂಬ ಸ್ಥಿತಿಯನ್ನು ಕೊರತೆ ಎಂದುಕೊಂಡ ಹೆಣ್ಣುಮಕ್ಕಳಿಗೆ ಈ ಸಂಗತಿಯನ್ನು ದಯವಿಟ್ಟು ಹೇಳಿ.

ಎಲ್ಲ ಮಕ್ಕಳೂ ಇಷ್ಟು ದೂರ ಹೋಗುತ್ತಾರೆ ಎಂದು ನಾವು ಹೇಳುತ್ತಿಲ್ಲ. ಆದರೆ ಶಾಲೆಯ ದಿನಗಳಲ್ಲಿ ಬಾಗಿಲು ತೆರೆಯದಿದ್ದರೆ ಯಾವ ಮಗು ಹೋಗುತ್ತಿತ್ತು ಎಂಬುದು ಯಾರಿಗೂ ತಿಳಿಯುವುದೇ ಇಲ್ಲ.

ಒಂಬತ್ತನೇ ತರಗತಿಯಲ್ಲಿ ಏನಾಗುತ್ತದೆ

ನಮ್ಮ ಪಟ್ಟಿಯಲ್ಲಿ ನಮ್ಮನ್ನು ಚಿಂತೆಗೆ ಹಚ್ಚಿದ ಸಂಗತಿ ಒಂದಿದೆ. ಐದರಿಂದ ಎಂಟನೇ ತರಗತಿಯವರೆಗೆ ಮಕ್ಕಳ ಹೆಸರು ಸಾಲು ಸಾಲಾಗಿ ಬರುತ್ತದೆ. ಒಂಬತ್ತಕ್ಕೆ ಬಂದಾಗ ಸಾಲು ಒಮ್ಮೆಲೇ ತೆಳುವಾಗುತ್ತದೆ. ಹುಡುಗಿಯರ ಹೆಸರಂತೂ ಬೆರಳೆಣಿಕೆಯಷ್ಟು ಉಳಿಯುತ್ತದೆ.

ಕಾರಣಗಳು ಗೊತ್ತಿರುವವೇ. ಎಸ್ಸೆಸ್ಸೆಲ್ಸಿಯ ಒಟ್ಟು 625 ಅಂಕಗಳಲ್ಲಿ ಚಿತ್ರಕ್ಕಾಗಲಿ ನಾಟಕಕ್ಕಾಗಲಿ ಪಾಲಿಲ್ಲ. ಸಂಜೆ ಟ್ಯೂಷನ್ ಶುರುವಾಗುತ್ತದೆ. ಹುಡುಗರು ಗ್ಯಾರೇಜಿಗೋ ಅಂಗಡಿಗೋ ದುಡಿಯಲು ಹೋಗುತ್ತಾರೆ. ಹುಡುಗಿ ದೊಡ್ಡವಳಾದಳು, ಇನ್ನು ವೇದಿಕೆ ಏಕೆ ಎಂಬ ಮಾತು ಮನೆಯಲ್ಲಿ ಬರುತ್ತದೆ. ಜಿಲ್ಲಾ ಸ್ಪರ್ಧೆ ಬೇರೆ ಊರಿನಲ್ಲಿ, ಜೊತೆಗೆ ಹೋಗುವವರಿಲ್ಲ, ಬಸ್ಸಿಗೆ ದುಡ್ಡಿಲ್ಲ. ಹೀಗೆ ಮಗು ನಾಲ್ಕು ವರ್ಷ ಕಟ್ಟಿಕೊಂಡದ್ದು ಒಂದು ಬೇಸಿಗೆ ರಜೆಯಲ್ಲಿ ಕೊನೆಯಾಗುತ್ತದೆ. ಅವಳು ಬರೆಯುವುದನ್ನು ಬಿಟ್ಟದ್ದು ಯಾರ ಗಮನಕ್ಕೂ ಬರುವುದಿಲ್ಲ, ಏಕೆಂದರೆ ಅದಕ್ಕೆ ನಪಾಸು ಎಂಬುದಿಲ್ಲ.

ನಮ್ಮ ದೇಶದ ಶಿಕ್ಷಣ ನೀತಿ ಇದನ್ನು ಒಪ್ಪುವುದಿಲ್ಲ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹತ್ತನೇ ತರಗತಿಯವರೆಗೆ ಕಲಾಶಿಕ್ಷಣ ಕಡ್ಡಾಯವಿರಬೇಕೆಂದು ಶಿಫಾರಸು ಮಾಡಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಕಲೆ ಮತ್ತು ವಿಜ್ಞಾನದ ನಡುವೆ, ಪಠ್ಯ ಮತ್ತು ಪಠ್ಯೇತರದ ನಡುವೆ ಗೋಡೆ ಇರಬಾರದೆಂದು ಹೇಳಿದೆ. ಕಾಗದದಲ್ಲಿ ಇದ್ದದ್ದು ತರಗತಿಗೆ ಬರಬೇಕಾದರೆ ಚಿತ್ರಕಲಾ ಶಿಕ್ಷಕರು ಇರಬೇಕು, ಸಾಮಗ್ರಿ ಇರಬೇಕು, ಮನೆಯವರ ಒಪ್ಪಿಗೆ ಇರಬೇಕು. ಮೊದಲನೆಯದು ಸರ್ಕಾರದ ಕೈಯಲ್ಲಿದೆ. ಎರಡನೆಯದಕ್ಕೆ ಟ್ರಸ್ಟ್ ನೆರವಾಗಬಲ್ಲದು. ಮೂರನೆಯದು ಪೋಷಕರಾದ ನಿಮ್ಮ ಕೈಯಲ್ಲಿದೆ.

ಹೊಟ್ಟೆಪಾಡಿನ ಪ್ರಶ್ನೆಗೂ ಉತ್ತರಿಸಬೇಕು. ಚಿತ್ರ ಬರೆಯುವ ಕೈಗೆ ದಾರಿಗಳಿವೆ. ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಓದಿದವರು ಬಿ.ಆರ್ಕ್ ಸೇರಲು ನಾಟಾ ಪರೀಕ್ಷೆ ಬರೆಯಬಹುದು. ಅದರಲ್ಲಿ ಚಿತ್ರ ಬರೆಯುವ ಸಾಮರ್ಥ್ಯವನ್ನೂ ನೋಡುತ್ತಾರೆ. ಮೈಸೂರಿನಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ಇದೆ. ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿ ಚಿತ್ರಕಲೆಯ ಪದವಿ ಓದಬಹುದು. ವಸ್ತ್ರವಿನ್ಯಾಸಕ್ಕೆ ಬೆಂಗಳೂರಿನಲ್ಲಿಯೇ ನಿಫ್ಟ್ ಇದೆ. ರಂಗಭೂಮಿಯಲ್ಲಿ ಮುಂದುವರಿಯಬೇಕೆನ್ನುವವರಿಗೆ ಹೆಗ್ಗೋಡಿನಲ್ಲಿ 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರವಿದೆ. ಹತ್ತರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಸಾಂಪ್ರದಾಯಿಕ ಕಲೆ ಕಲಿಯಲು ಕೇಂದ್ರ ಸರ್ಕಾರದ ಸಿಸಿಆರ್‌ಟಿ ಸಂಸ್ಥೆ ವಿದ್ಯಾರ್ಥಿವೇತನ ಕೊಡುತ್ತದೆ. ಇವು ಎಲ್ಲರಿಗೂ ಬೇಕಿಲ್ಲ. ದರ್ಜಿ ಕೆಲಸ, ಬೋರ್ಡ್ ಬರವಣಿಗೆ, ಮರಗೆಲಸ, ಮೆಹಂದಿ, ಕಸೂತಿ ಮಾಡಿ ಸಂಸಾರ ನಡೆಸುವ ನಮ್ಮ ಮನೆಗಳಲ್ಲಿ ಕಣ್ಣಿನ ಅಳತೆಯೂ ಕೈಯ ಹಿಡಿತವೂ ಅನ್ನ ಕೊಡುತ್ತಲೇ ಬಂದಿವೆ. ಶಾಲೆಯ ಚಿತ್ರಕಲೆ ಅದೇ ಕೈಯನ್ನು ಇನ್ನಷ್ಟು ಹದಗೊಳಿಸುತ್ತದೆ.

ಮನೆಯ ನಂಬಿಕೆಗೆ ಗೌರವ

ಕೆಲವು ಕುಟುಂಬಗಳು ಸಂಗೀತ, ನೃತ್ಯ ಅಥವಾ ಪ್ರಾಣಿ, ಮನುಷ್ಯರ ಚಿತ್ರ ಬರೆಯುವುದನ್ನು ಒಪ್ಪುವುದಿಲ್ಲ. ಇನ್ನು ಕೆಲವು ಕುಟುಂಬಗಳಿಗೆ ಅದರಲ್ಲಿ ಅಡ್ಡಿಯಿಲ್ಲ. ಈ ವಿಷಯದಲ್ಲಿ ತೀರ್ಪು ಕೊಡುವುದು ಟ್ರಸ್ಟಿನ ಕೆಲಸವಲ್ಲ. ನಾವು ಯಾವ ಮಗುವಿಗೂ ಇಂಥದ್ದೇ ಮಾಡು ಎನ್ನುವುದಿಲ್ಲ. ಪ್ರತಿ ಮನೆಗೂ ಹೊಂದುವ ವಿಭಾಗಗಳು ಬೇಕಾದಷ್ಟಿವೆ. ಅಕ್ಷರಕಲೆ, ಅಂದರೆ ಖತ್ತಾತಿ, ಜ್ಯಾಮಿತಿಯ ವಿನ್ಯಾಸ, ಎಲೆ ಬಳ್ಳಿಗಳ ಚಿತ್ತಾರ, ಕಿರಾಅತ್, ಕಥೆ, ಭಾಷಣ, ಪ್ರಬಂಧ, ಪದ್ಯ ವಾಚನ ಇವೆಲ್ಲ ಕಲೆಗಳೇ. ಕಂಪಾಸು ಮತ್ತು ಅಳತೆಪಟ್ಟಿ ಹಿಡಿದು ಎಂಟು ಮೂಲೆಯ ನಕ್ಷತ್ರವನ್ನು ಬಿಡಿಸಿ ಅದನ್ನೇ ಜೋಡಿಸುತ್ತ ಪುಟ ತುಂಬುವ ಹುಡುಗಿ ಗಣಿತವನ್ನೂ ಮಾಡುತ್ತಿರುತ್ತಾಳೆ. ಹೆಣ್ಣುಮಕ್ಕಳು ಬೇರೆ ಊರಿಗೆ ಹೋಗಬೇಕಾದಾಗ ತಾಯಿ ಅಥವಾ ಮನೆಯ ಹಿರಿಯರೊಬ್ಬರ ಪ್ರಯಾಣದ ಖರ್ಚನ್ನೂ ಸೇರಿಸಿ ಕೊಡುತ್ತೇವೆ.

ಹಣ ಯಾವ ಬಾಬತ್ತಿನಿಂದ

ಈಗ ದಾನಿಗಳ ಪ್ರಶ್ನೆ. ಝಕಾತ್ ಯಾರಿಗೆ ಸಲ್ಲಬೇಕೆಂಬುದನ್ನು ಪವಿತ್ರ ಕುರ್‌ಆನಿನ 9ನೇ ಅಧ್ಯಾಯದ 60ನೇ ವಚನ ಎಂಟು ವರ್ಗಗಳಲ್ಲಿ ನಿಗದಿಪಡಿಸಿದೆ. ಝಕಾತ್ ಅರ್ಹರ ಕೈಗೆ ಅವರ ಸ್ವತ್ತಾಗಿಯೇ ತಲುಪಬೇಕೆಂದು ಹನಫಿ ಫಿಕ್ಹ್ ಹೇಳುತ್ತದೆ. ಆದ್ದರಿಂದ ಟ್ರಸ್ಟ್ ಝಕಾತ್ ಖಾತೆಯನ್ನು ಪ್ರತ್ಯೇಕವಾಗಿಟ್ಟಿದೆ. ಆ ಹಣ ಬಡ ವಿದ್ಯಾರ್ಥಿಗಳಿಗೆ ಮತ್ತು ಅವರ ಕುಟುಂಬಗಳಿಗೆ ನೇರವಾಗಿ ಹೋಗುತ್ತದೆ. ಅದರಿಂದ ಒಂದು ಪೈಸೆಯನ್ನೂ ಕಲಾ ಸಾಮಗ್ರಿಗೆ, ಶಿಬಿರಕ್ಕೆ ಅಥವಾ ಪ್ರಯಾಣಕ್ಕೆ ಬಳಸುವುದಿಲ್ಲ. ಕಲೆಯ ಖರ್ಚು ಸದಕಾ ಮತ್ತು ಸಾಮಾನ್ಯ ದೇಣಿಗೆಯ ಖಾತೆಯಿಂದ ಮಾತ್ರ ನಡೆಯುತ್ತದೆ. ಎರಡೂ ಖಾತೆಗಳ ಲೆಕ್ಕಪತ್ರ ಈ ವರದಿಯ ಕೊನೆಯಲ್ಲಿ ಬೇರೆ ಬೇರೆಯಾಗಿದೆ. ದಯವಿಟ್ಟು ಪರಿಶೀಲಿಸಿ.

ಒಂದು ಮಗುವಿಗೆ ಬೇಕಾಗುವುದೂ ದೊಡ್ಡ ಮೊತ್ತವಲ್ಲ. ಬಣ್ಣದ ಡಬ್ಬಿ, ಡ್ರಾಯಿಂಗ್ ಹಾಳೆ, ಗ್ರೇಡ್ ಪರೀಕ್ಷೆಯ ಶುಲ್ಕ, ಬಾಡಿಗೆ ವೇಷಭೂಷಣ, ಬಸ್ ಚಾರ್ಜು ಇಷ್ಟೇ. ದುಡಿಯುವ ಮನೆಗೆ ಈ ಇಷ್ಟೇ ಹೊರೆಯಾಗುತ್ತದೆ, ಮತ್ತು ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಫೀಸು ಕಟ್ಟಿ ಮಗುವನ್ನು ಶಾಲೆಯಲ್ಲಿ ಉಳಿಸುತ್ತೀರಿ. ಈ ಸಣ್ಣ ಖರ್ಚು ಆ ಮಗು ಶಾಲೆಯನ್ನು ಇಷ್ಟಪಡುವಂತೆ ಮಾಡುತ್ತದೆ. ಪರೀಕ್ಷೆಯಲ್ಲಿ ಹಿಂದುಳಿದ ಮಗುವಿಗೆ ತರಗತಿಯಲ್ಲಿ ತಲೆಯೆತ್ತಲು ಇದೊಂದೇ ಕಾರಣವಾಗಿರುವುದನ್ನು ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತರಾದ ನಾವು ಮತ್ತೆ ಮತ್ತೆ ಕಂಡಿದ್ದೇವೆ.

ಅರ್ಜಿ ಸಲ್ಲಿಸುವವರಿಗೆ ಸೂಚನೆ

ಈ ವರ್ಷದ ಅರ್ಜಿಯ ಕೊನೆಯ ಪುಟ ಕಲೆಗೆ ಮೀಸಲಾಗಿದೆ. ಅದನ್ನು ತುಂಬುವಾಗ ಈ ವಿಷಯಗಳು ಗಮನದಲ್ಲಿರಲಿ.

1. ಈ ಪುಟ ಕಡ್ಡಾಯವಲ್ಲ. ಖಾಲಿ ಬಿಟ್ಟರೂ ನಿಮ್ಮ ಮಗುವಿನ ಮೂಲ ವಿದ್ಯಾರ್ಥಿವೇತನಕ್ಕೆ ಯಾವ ತೊಂದರೆಯೂ ಆಗುವುದಿಲ್ಲ. ಮೂಲ ವೇತನಕ್ಕೆ ಮನೆಯ ಆರ್ಥಿಕ ಸ್ಥಿತಿ ಮತ್ತು ಶಾಲಾ ಹಾಜರಾತಿಯೇ ಆಧಾರ.

2. ಬಹುಮಾನ ಬಂದಿರಲೇಬೇಕೆಂದಿಲ್ಲ. ಪಾಲ್ಗೊಂಡ ಪ್ರಮಾಣಪತ್ರ ಸಾಕು. ಅದೂ ಇಲ್ಲದಿದ್ದರೆ ಮುಖ್ಯೋಪಾಧ್ಯಾಯರು ಅಥವಾ ತರಗತಿ ಶಿಕ್ಷಕರು ಬರೆದ ನಾಲ್ಕು ಸಾಲು ಸಾಕು.

3. ಮಗು ತಾನೇ ಒಂದು ಪುಟ ಬರೆಯಬೇಕು. ಏನು ಮಾಡಿದೆ, ಎಲ್ಲಿ ಕಷ್ಟವಾಯಿತು, ಅದನ್ನು ಹೇಗೆ ಸರಿಪಡಿಸಿಕೊಂಡೆ ಎಂಬುದನ್ನು ಕನ್ನಡ, ಉರ್ದು, ಇಂಗ್ಲಿಷ್ ಯಾವ ಭಾಷೆಯಲ್ಲಾದರೂ ಬರೆಯಬಹುದು. ಅಕ್ಷರ ತಪ್ಪಿಗೆ ಅಂಕ ಕಳೆಯುವುದಿಲ್ಲ. ದೊಡ್ಡವರು ಬರೆದುಕೊಟ್ಟದ್ದು ನಮಗೆ ಓದಿದೊಡನೆ ತಿಳಿಯುತ್ತದೆ!

4. ಒಂಬತ್ತು ಮತ್ತು ಹತ್ತನೇ ತರಗತಿಯಲ್ಲಿ ಕಲೆಯನ್ನು ಮುಂದುವರಿಸುವ ಮಕ್ಕಳಿಗೆ, ಅದರಲ್ಲೂ ಹುಡುಗಿಯರಿಗೆ, ಸಾಮಗ್ರಿ ಮತ್ತು ಪ್ರಯಾಣ ನೆರವಿನಲ್ಲಿ ಆದ್ಯತೆ ಇದೆ.

5. ಎಲ್ಲ ಪ್ರಮಾಣಪತ್ರಗಳ ಜೆರಾಕ್ಸ್ ಪ್ರತಿ ಲಗತ್ತಿಸಿ. ಮೂಲ ಪ್ರತಿಗಳನ್ನು ಮನೆಯಲ್ಲಿ ಒಂದು ಫೈಲಿನಲ್ಲಿ ಜೋಪಾನವಾಗಿಡಿ. ಮುಂದೆ ಕಾಲೇಜು ಪ್ರವೇಶಕ್ಕೂ ಬೇರೆ ವಿದ್ಯಾರ್ಥಿವೇತನಗಳಿಗೂ ಬೇಕಾಗಬಹುದು.

ಪೋಷಕರಲ್ಲಿ ನಮ್ಮ ಕೋರಿಕೆ ಸಣ್ಣದು. ಮಗು ಒಂಬತ್ತನೇ ತರಗತಿಗೆ ಬಂದಾಗ ಟ್ಯೂಷನ್ ಇರಲಿ, ಜೊತೆಗೆ ವಾರಕ್ಕೆ ಎರಡು ಗಂಟೆ ಅದರ ಕಲೆಗೂ ಇರಲಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಮಗುವಿನ ಪಾತ್ರ ಎಷ್ಟೇ ಚಿಕ್ಕದಿರಲಿ, ಒಂದು ಹೊತ್ತಿನ ಕೆಲಸ ಬಿಟ್ಟು ಹೋಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ದಾನಿಗಳಲ್ಲಿ ಕೋರಿಕೆಯೆಂದರೆ, ಸಾಮಾನ್ಯ ದೇಣಿಗೆ ಕೊಡುವಾಗ ರಸೀತಿಯಲ್ಲಿ "ಕಲಾ ನೆರವು" ಎಂದು ಬರೆಸಿದರೆ ಆ ಹಣ ಆ ಕೆಲಸಕ್ಕೇ ಹೋಗುತ್ತದೆ.

ಮುಂದಿನ ವರ್ಷದ ವರದಿಯಲ್ಲಿ ಒಂಬತ್ತು ಮತ್ತು ಹತ್ತನೇ ತರಗತಿಯ ಸಾಲು ಈಗಿರುವುದಕ್ಕಿಂತ ಉದ್ದವಾಗಿರಬೇಕು ಎಂಬುದು ನಮ್ಮ ಗುರಿ. ಇನ್‌ಶಾ ಅಲ್ಲಾಹ್, ಅದನ್ನು ನಿಮ್ಮ ಮುಂದಿಟ್ಟು ಲೆಕ್ಕ ಒಪ್ಪಿಸುತ್ತೇವೆ. ದಾನಿಗಳ ದಾನವನ್ನೂ ಮಕ್ಕಳ ಶ್ರಮವನ್ನೂ ಅಲ್ಲಾಹನು ಸ್ವೀಕರಿಸಲಿ. ಆಮೀನ್.